ಸಂಗಾತಿ ಹೊರದೇಶದಲ್ಲಿ, ತೋಟ-ಮನೆ ಇಲ್ಲಿ: ವಿಚ್ಛೇದನದಲ್ಲಿ ಆಸ್ತಿ ಹಂಚಿಕೆಗೆ ಯಾವ ದಾರಿ?

ಗಂಡನೋ ಹೆಂಡತಿಯೋ ಹೊರದೇಶದಲ್ಲಿದ್ದು, ಮದುವೆ ಇನ್ನು ಉಳಿಯುವುದಿಲ್ಲ ಎಂದು ಖಚಿತವಾದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ಕೇಸನ್ನು ಇಲ್ಲಿ ಹಾಕಬೇಕೋ, ಅಲ್ಲಿ ಹಾಕಬೇಕೋ? ಶಿರಸಿ, ಸಿದ್ದಾಪುರದ ಕಡೆಯಿಂದ ಅಮೆರಿಕಕ್ಕೆ ಹೋದವರ ಮನೆಗಳಲ್ಲಿ, ಭಟ್ಕಳ, ಹೊನ್ನಾವರದಿಂದ ದುಬೈ, ಸೌದಿಗೆ ಹೋದವರ ಮನೆಗಳಲ್ಲಿ, ಕಾರವಾರದಿಂದ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೋದವರ ಮನೆಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಮನೆಯವರು ಒಂದು ಹೇಳುತ್ತಾರೆ, ಅಲ್ಲಿರುವ ಗೆಳೆಯರು ಇನ್ನೊಂದು ಹೇಳುತ್ತಾರೆ, ವಕೀಲರು ತಮಗೆ ರೂಢಿಯಾದ ದಾರಿಯನ್ನು ತೋರಿಸುತ್ತಾರೆ.

ದಸ್ತಾವೇಜು ಬರೆಯುವುದು ನನ್ನ ಕೆಲಸ. ಇಂತಹ ಜಗಳಗಳ ಕೊನೆಯ ಕಾಗದಗಳು, ಅಂದರೆ ರಾಜಿಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರಗಳು ನನ್ನ ಮೇಜಿಗೆ ಬರುತ್ತವೆ. ಆ ಹಂತದಲ್ಲಿ ಕುಳಿತು ನೋಡಿದವರಿಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಯಾವ ಕೋರ್ಟ್ ಹೆಚ್ಚು ಕೊಡಿಸುತ್ತದೆ ಎಂದು ಲೆಕ್ಕ ಹಾಕುವುದಕ್ಕೆ ಮೊದಲು, ಕೊಡಿಸಿದ್ದನ್ನು ಎಲ್ಲಿ ವಸೂಲಿ ಮಾಡಬಹುದು ಎಂದು ಕೇಳಿಕೊಳ್ಳಬೇಕು. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಅಳತೆಗೋಲುಗಳು

ಮೊದಲನೆಯದು, ಆಸ್ತಿ ಎಲ್ಲಿದೆ ಮತ್ತು ಯಾರ ಹೆಸರಿನಲ್ಲಿದೆ. ಮದುವೆಯಾದ ಮೇಲೆ ಗಳಿಸಿದ್ದರಲ್ಲಿ ಅರ್ಧ ಹೆಂಡತಿಗೆ ಎಂಬ ಮಾತು ನಮ್ಮಲ್ಲಿ ಬಹಳ ಹಬ್ಬಿದೆ. ಭಾರತದ ಕಾನೂನಿನಲ್ಲಿ ಅಂಥದ್ದಿಲ್ಲ. ಇಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದ್ದು. ಇನ್ನೊಬ್ಬರಿಗೆ ಸಿಗುವುದು ಜೀವನಾಂಶ, ಸ್ತ್ರೀಧನ, ಮತ್ತು ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಲ್ಲಿ ಪಾಲು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಶಾಶ್ವತ ಜೀವನಾಂಶದ ಬಗ್ಗೆ, 27ನೇ ಕಲಂ ಆ ಉಡುಗೊರೆಗಳ ಬಗ್ಗೆ ಹೇಳುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಾದರೆ ಮದುವೆಯ ಅವಧಿಯ ಗಳಿಕೆ ಇಬ್ಬರ ಸಮುದಾಯ ಆಸ್ತಿ. ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಅದು ನ್ಯಾಯಯುತ ಹಂಚಿಕೆಗೆ ಒಳಪಡುತ್ತದೆ, ಅದು ಅರ್ಧರ್ಧವೇ ಆಗಬೇಕೆಂದಿಲ್ಲ. ನಮ್ಮ ಪಕ್ಕದ ಗೋವೆಯಲ್ಲೂ ಬೇರೆ ವಿಶೇಷ ಕಾಯ್ದೆ ಇಲ್ಲದಿದ್ದರೆ ಪೋರ್ಚುಗೀಸ್ ಕಾಲದ ಸಿವಿಲ್ ಸಂಹಿತೆಯಂತೆ ಗಂಡ-ಹೆಂಡಿರ ಆಸ್ತಿ ಒಂದಾಗುತ್ತದೆ. ಆದ್ದರಿಂದ ಕಾರವಾರದವರು ಗೋವೆಯ ಮೂಲನಿವಾಸಿಗಳನ್ನು ಮದುವೆಯಾಗಿದ್ದು, ಮದುವೆ ಅಲ್ಲಿ ನೋಂದಣಿಯಾಗಿದ್ದರೆ ಆ ಪತ್ರವನ್ನು ಮೊದಲೇ ವಕೀಲರಿಗೆ ತೋರಿಸಬೇಕು. ಲೆಕ್ಕವೇ ಬದಲಾಗಬಹುದು.

ಎರಡನೆಯದು ವಸೂಲಿ. ಮೂರನೆಯದು ಸಮಯ ಮತ್ತು ವೆಚ್ಚ. ನಾಲ್ಕನೆಯದನ್ನು ಹೆಚ್ಚಿನವರು ಕೊನೆಗೆ ನೋಡುತ್ತಾರೆ, ನೋಡಬೇಕಾದದ್ದು ಮೊದಲು: ವಿದೇಶಿ ವಿನಿಮಯ ನಿಯಮ ಮತ್ತು ತೆರಿಗೆ. ಐದನೆಯದು ಈ ತಿಂಗಳ ಅಗತ್ಯ. ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವರಿಗೂ, ಸ್ವಂತ ಸಂಬಳವಿದ್ದು ಕಾಯಬಲ್ಲವರಿಗೂ ಒಂದೇ ದಾರಿ ಹೊಂದುವುದಿಲ್ಲ.

ಆಸ್ತಿಯ ಪಟ್ಟಿ ಮಾಡುವಾಗ ನಮ್ಮ ಜಿಲ್ಲೆಯ ತೊಡಕುಗಳು

ದಾರಿ ಆರಿಸುವ ಮುನ್ನ ಪಟ್ಟಿ ಬೇಕು, ಮತ್ತು ಉತ್ತರ ಕನ್ನಡದಲ್ಲಿ ಪಟ್ಟಿ ಮಾಡುವುದು ಸುಲಭವಲ್ಲ. ಬೆಂಗಳೂರಿನ ಫ್ಲ್ಯಾಟ್ ಆದರೆ ಒಂದು ಕ್ರಯಪತ್ರ, ಒಂದು ಬ್ಯಾಂಕ್ ಸಾಲ. ಶಿರಸಿಯ ಅಡಿಕೆ ತೋಟ ಹಾಗಲ್ಲ. ಪಹಣಿ ಅಜ್ಜನ ಹೆಸರಿನಲ್ಲಿ ಇರಬಹುದು, ಅಣ್ಣತಮ್ಮಂದಿರ ಹಿಸ್ಸೆ ಆಗಿರಲಿಕ್ಕಿಲ್ಲ, ತೋಟದ ಮೇಲೆ ಕೆಡಿಸಿಸಿ (ಜಿಲ್ಲಾ ಸಹಕಾರಿ) ಬ್ಯಾಂಕಿನ ಸಾಲದ ಬೋಜಾ ಇರಬಹುದು. ಅವಿಭಕ್ತ ತೋಟದಲ್ಲಿ ಹೆಂಡತಿ ತಾನಾಗಿ ಪಾಲು ಕೇಳುವಂತಿಲ್ಲ. ಆದರೆ 25ನೇ ಕಲಮಿನಲ್ಲೇ ಒಂದು ಬಲವಾದ ಉಪಾಯವಿದೆ: ಜೀವನಾಂಶಕ್ಕೆ ಭದ್ರತೆಯಾಗಿ ಎದುರು ಪಕ್ಷದವರ ಸ್ಥಿರಾಸ್ತಿಯ ಮೇಲೆ ಭಾರ ಹೊರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆ ಆದೇಶವನ್ನು ಪಹಣಿಯ ಇತರ ಹಕ್ಕುಗಳ ಕಾಲಮಿನಲ್ಲಿ ದಾಖಲಿಸಿಬಿಟ್ಟರೆ, ಮುಂದೆ ಆ ಜಮೀನನ್ನು ಸದ್ದಿಲ್ಲದೆ ಮಾರುವುದು ಕಷ್ಟ.

ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟವನ್ನು ಬೆಲೆ ಕಟ್ಟಿ ಪಟ್ಟಿಗೆ ಸೇರಿಸುವವರಿದ್ದಾರೆ. ಅದು ಅರಣ್ಯ ಭೂಮಿ. ತೋಟದವರಿಗೆ ಇರುವುದು ಸೊಪ್ಪು, ದರಕು ತರುವ ಸವಲತ್ತು ಮಾತ್ರ. ಅದನ್ನು ಪ್ರತ್ಯೇಕವಾಗಿ ಹಂಚಲು ಬರುವುದಿಲ್ಲ. ಅತಿಕ್ರಮಣ ಜಮೀನಿನದ್ದೂ ಅದೇ ಕಥೆ. ಮನೆ ಕಟ್ಟಿ ದಶಕಗಳಾಗಿದ್ದರೂ ಹಕ್ಕುಪತ್ರವಿಲ್ಲದೆ ಯಾವ ನ್ಯಾಯಾಲಯವೂ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲಾರದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದು ಮಾರಾಟಕ್ಕೆ, ವರ್ಗಾವಣೆಗೆ ಬಾರದು. ಆದರೆ ವಿವಾಹಿತರಿಗೆ ಅದನ್ನು ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ನೋಂದಾಯಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಈ ಸಾಲನ್ನು ಅನೇಕ ಹೆಂಗಸರು ಕೇಳಿಯೇ ಇಲ್ಲ.

ಇನ್ನು ಹೊರದೇಶದ ಹಣದಿಂದ ಕಟ್ಟಿದ ಮನೆ. ಗಂಡ ದುಬೈಯಿಂದ ಹಣ ಕಳುಹಿಸಿದ, ಸೈಟು ಹೆಂಡತಿಯ ಹೆಸರಿನಲ್ಲಿ ಕೊಂಡರು. ಗೊತ್ತಿರುವ ಮೂಲದ ಹಣದಿಂದ ಸಂಗಾತಿಯ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿ (ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಮಾಡಿದ, ಕಾನೂನು ನಿಷೇಧಿಸಿದ ಖರೀದಿ) ಅಲ್ಲ. ಆದ್ದರಿಂದ ತಾನೇ ಹಣ ಕೊಟ್ಟದ್ದು ಎಂದು ಆತ ದಾವೆ ಹೂಡಲು ಕಾನೂನು ಬಾಗಿಲು ಮುಚ್ಚಿಲ್ಲ. ಹೆಂಡತಿ ತಾನು ಹಾಕಿದ ಹಣದ, ತವರಿನಿಂದ ಬಂದ ಹಣದ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಗಂಡನ ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ನಿಮಗೆ ಸಹಿ ಮಾಡುವ ಅಧಿಕಾರವಿದ್ದರೂ ಆ ಹಣ ನಿಮ್ಮದಾಗುವುದಿಲ್ಲ; ಒಂದು ಪತ್ರ ಬರೆದು ಆತ ಆ ಅಧಿಕಾರವನ್ನು ತೆಗೆಯಬಹುದು.

ಚಿನ್ನದ ವಿಷಯದಲ್ಲಿ ಕಾನೂನು ಹೆಂಡತಿಯ ಕಡೆ ಗಟ್ಟಿಯಾಗಿದೆ. ಸ್ತ್ರೀಧನ ಆಕೆಯ ಸಂಪೂರ್ಣ ಸ್ವತ್ತು, ಗಂಡ ಅಥವಾ ಅತ್ತೆ-ಮಾವನ ವಶದಲ್ಲಿದ್ದರೆ ಅದು ನಂಬಿಕೆಯ ಮೇಲೆ ಇಟ್ಟದ್ದು ಅಷ್ಟೇ ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಷ್ಟ ಇರುವುದು ರುಜುವಾತಿನಲ್ಲಿ. ಲಾಕರ್ ಅತ್ತೆಯ ಹೆಸರಿನಲ್ಲಿರುತ್ತದೆ, ಬಿಲ್ಲುಗಳು ಎಲ್ಲೋ ಹೋಗಿರುತ್ತವೆ. ಮದುವೆಯ ಫೋಟೋ, ವಿಡಿಯೊ, ತವರಿನವರು ಬಂಗಾರದ ಅಂಗಡಿಗೆ ಹಣ ಕೊಟ್ಟ ಬ್ಯಾಂಕ್ ದಾಖಲೆ, ಇವನ್ನು ಈಗಲೇ ಒಟ್ಟುಗೂಡಿಸಿ.

ದಾರಿ ಒಂದು: ಇಬ್ಬರೂ ಒಪ್ಪಿ ಇಲ್ಲಿನ ನ್ಯಾಯಾಲಯದಲ್ಲಿ

ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಒಂದು ವರ್ಷ ಬೇರೆಯಾಗಿದ್ದ ದಂಪತಿ ಒಟ್ಟಾಗಿ ಅರ್ಜಿ ಹಾಕಬಹುದು. ಮೊದಲ ಹೇಳಿಕೆಗೂ ಎರಡನೆಯದಕ್ಕೂ ನಡುವೆ ಆರು ತಿಂಗಳ ಕಾಲಾವಕಾಶವಿದೆ. ಬೇರ್ಪಟ್ಟು ಸಾಕಷ್ಟು ಕಾಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊರದೇಶದಲ್ಲಿರುವವರು ನ್ಯಾಯಾಲಯದ ಅನುಮತಿಯ ಮೇಲೆ ವಿಡಿಯೊ ಮೂಲಕ ಹೇಳಿಕೆ ಕೊಡಬಹುದು.

ವೆಚ್ಚದಲ್ಲೂ ಸಮಯದಲ್ಲೂ ಇದಕ್ಕಿಂತ ಅಗ್ಗದ ದಾರಿ ಇಲ್ಲ. ರಾಜಿಪತ್ರದಲ್ಲಿ ಯಾವ ದೇಶದ ಆಸ್ತಿಯನ್ನಾದರೂ ಸೇರಿಸಬಹುದು, ಕಾನೂನು ಕೊಡದ ಪಾಲನ್ನೂ ಪರಸ್ಪರ ಒಪ್ಪಿ ಕೊಡಬಹುದು. ಇಲ್ಲಿ ದಾವೆ ನಡೆಸಿ ಗೆಲ್ಲಲಾಗದ ಅರ್ಧ ಪಾಲು ಒಪ್ಪಂದದಲ್ಲಿ ಸಿಗುವ ಸಾಧ್ಯತೆ ಇರುವುದರಿಂದ, ಎದುರಿನವರು ಮಾತಿಗೆ ಬರುವ ಸೂಚನೆ ಇದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ.

ಇದರ ದೌರ್ಬಲ್ಯ ಎರಡು. ಎದುರಿನವರು ತಮ್ಮ ಗಳಿಕೆಯನ್ನು ಪ್ರಾಮಾಣಿಕವಾಗಿ ಹೇಳಿದ್ದಾರೆ ಎಂದು ನಂಬಬೇಕು. ಮತ್ತು ಎರಡನೆಯ ಹೇಳಿಕೆಯ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಇದರಿಂದ ಆಸ್ತಿ ವರ್ಗಾವಣೆಯ ದಿನಾಂಕ ಸೂಕ್ಷ್ಮವಾಗುತ್ತದೆ. ಗಂಡ-ಹೆಂಡತಿಯ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಹೆಸರಿಗಷ್ಟೇ; ವಿಚ್ಛೇದನ ಆದ ಮರುದಿನ ಆ ಸಂಬಂಧವೇ ಇಲ್ಲದ್ದರಿಂದ ರಿಯಾಯಿತಿಯೂ ಇಲ್ಲ. ಆದೇಶಕ್ಕೆ ಮೊದಲೇ ಬರೆದುಕೊಟ್ಟರೆ ಶುಲ್ಕ ಉಳಿಯುತ್ತದೆ, ಆದರೆ ಕೊಟ್ಟವರು ಎರಡನೆಯ ಹೇಳಿಕೆಯ ತನಕ ಅಭದ್ರರಾಗಿರುತ್ತಾರೆ. ಮೊದಲ ಹೇಳಿಕೆ ಮುಗಿದ ಮೇಲೆ, ಎರಡನೆಯದಕ್ಕೆ ತೀರಾ ಹತ್ತಿರದ ದಿನ ನೋಂದಣಿ ಇಟ್ಟುಕೊಂಡರೆ ಇಬ್ಬರಿಗೂ ಅಪಾಯ ಕಡಿಮೆ. ಆದೇಶದ ಮೂಲಕವೇ ಆಸ್ತಿ ಬರಬೇಕೆಂದಿದ್ದರೆ ಅದರ ಪೂರ್ಣ ವಿವರ, ಅಂದರೆ ಸರ್ವೆ ನಂಬರು, ಹಿಸ್ಸೆ, ಚಕ್ಕುಬಂದಿಯನ್ನು ಮೂಲ ಅರ್ಜಿಯಲ್ಲೇ ಸೇರಿಸಿ. ದಾವೆಯ ವಿಷಯವಾಗಿರದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ತಂದು ಸೇರಿಸಿದರೆ ಆ ಡಿಕ್ರಿಯನ್ನು ಮತ್ತೆ ನೋಂದಾಯಿಸಬೇಕಾಗುತ್ತದೆ.

ಅಲ್ಲಿಂದ ಬರುವ ಮುಖ್ತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ಬಗ್ಗೆ ಒಂದು ಎಚ್ಚರಿಕೆ. ಭಾರತೀಯ ದೂತಾವಾಸದಲ್ಲಿ, ಅಥವಾ ಅಲ್ಲಿನ ನೋಟರಿಯ ಮುಂದೆ ಸಹಿಯಾಗಿ ಆ ದೇಶಕ್ಕೆ ಅನ್ವಯಿಸುವ ದೃಢೀಕರಣ ಪಡೆದು ಬಂದ ಪತ್ರಕ್ಕೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ತಲುಪಿದ ದಿನಕ್ಕೆ ಅದೇ ಸಾಕ್ಷಿ. ಪತ್ರದಲ್ಲಿ ಯಾವ ಆಸ್ತಿ, ಯಾವ ಅಧಿಕಾರ ಎಂಬುದು ಬಿಡಿಸಿ ಬರೆದಿರಬೇಕು. "ನನ್ನ ಎಲ್ಲ ವ್ಯವಹಾರ" ಎಂಬ ಮಾತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆ ಸಿಗುವುದಿಲ್ಲ.

ದಾರಿ ಎರಡು: ಇಲ್ಲೇ ಹೋರಾಟ

ಎದುರಿನವರು ಮಾತಿಗೆ ಬರದಿದ್ದರೆ, ಹೆಂಡತಿ ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಸಂಗಾತಿ ಭಾರತದ ಹೊರಗಿದ್ದರೆ ಇಲ್ಲಿರುವ ಗಂಡನಿಗೂ ತನ್ನ ಊರಿನಲ್ಲೇ ಹಾಕುವ ಹಕ್ಕಿದೆ. ನೋಟಿಸು ಹೊರದೇಶಕ್ಕೆ ತಲುಪುವುದಕ್ಕೇ ತಿಂಗಳುಗಳು ಬೇಕು. ಇಮೇಲ್ ಮೂಲಕವೂ ಜಾರಿ ಮಾಡಲು ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು. ಮೇಲ್ಮನವಿ ಹೈಕೋರ್ಟಿಗೆ ಹೋದರೆ ನಮಗೆ ಧಾರವಾಡ ಪೀಠ. ವರ್ಷಗಟ್ಟಲೆ ನಡೆಯುವ ದಾರಿ ಇದು.

ಆದರೂ ಇದರ ಬಲವನ್ನು ಕಡೆಗಣಿಸಬಾರದು. 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಕಡ್ಡಾಯ ಮಾಡಿತು, ಜೀವನಾಂಶ ಅರ್ಜಿಯ ದಿನದಿಂದಲೇ ಲೆಕ್ಕವಾಗಬೇಕೆಂದೂ ಹೇಳಿತು. 24ನೇ ಕಲಮಿನ ಮಧ್ಯಂತರ ಜೀವನಾಂಶ, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ವಾಸದ ಹಕ್ಕು, ಇವು ಈ ತಿಂಗಳ ಅಗತ್ಯಕ್ಕೆ ಒದಗುವ ಪರಿಹಾರಗಳು. ಗಂಡನ ಮನೆ ಮಾವನ ಹೆಸರಿನಲ್ಲಿದ್ದರೂ ಅದು ಹಂಚಿಕೊಂಡ ವಾಸದ ಮನೆ, ಅಂದರೆ ಸೊಸೆಗೂ ವಾಸದ ಹಕ್ಕಿರುವ ಮನೆಯಾಗಬಹುದು ಎಂದು ಅದೇ ವರ್ಷ ಇನ್ನೊಂದು ತೀರ್ಪು ಬಂತು.

ಹಾಗಾದರೆ ಯಾರಿಗೆ ಇದು ಸರಿ? ಎದುರಿನವರ ಆಸ್ತಿ ಹೆಚ್ಚಾಗಿ ಇಲ್ಲೇ ಇದ್ದರೆ. ಕುಮಟಾದಲ್ಲಿ ಮನೆ, ಹೊನ್ನಾವರದಲ್ಲಿ ಸೈಟು, ಎನ್‌ಆರ್‌ಒ ಖಾತೆಯಲ್ಲಿ (ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ) ಠೇವಣಿ ಇದ್ದರೆ ಇಲ್ಲಿನ ಆದೇಶವನ್ನು ಜಪ್ತಿಯ ಮೂಲಕ ವಸೂಲಿ ಮಾಡಬಹುದು. ಅರ್ಜಿಯ ಜೊತೆಯಲ್ಲೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ನೋಟಿಸು ಹೊರದೇಶ ತಲುಪುವಷ್ಟರಲ್ಲಿ ಇಲ್ಲಿ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಆಗಿಹೋಗಬಹುದು. ತಡೆಯಾಜ್ಞೆ ಸಿಕ್ಕ ದಿನವೇ ಅದರ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ತಹಶೀಲ್ದಾರರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಆತನ ಹೆಸರಿನಲ್ಲಿ ಇಲ್ಲಿ ಏನೂ ಇಲ್ಲ, ಎಲ್ಲವೂ ಸಿಯಾಟಲ್‌ನಲ್ಲಿದೆ ಎಂದಾದರೆ ಇಲ್ಲಿನ ದೊಡ್ಡ ಮೊತ್ತದ ಆದೇಶವೂ ಕಡತದಲ್ಲೇ ಉಳಿಯುತ್ತದೆ. ಅಲ್ಲಿನ ಸಂಪತ್ತಿಗೆ ಸರಿಸಮಾನವಾಗಿ ಇಲ್ಲಿ ಜೀವನಾಂಶ ಸಿಗುತ್ತದೆ ಎಂಬ ನಿರೀಕ್ಷೆಯೂ ಬೇಡ. ಅಮೆರಿಕದಲ್ಲಿದ್ದ ಶ್ರೀಮಂತ ಗಂಡನ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಉದ್ದೇಶ ಸಂಪತ್ತನ್ನು ಸರಿಗಟ್ಟುವುದಲ್ಲ ಎಂದು ಸ್ಪಷ್ಟಪಡಿಸಿದೆ.

ದಾರಿ ಮೂರು: ಅಲ್ಲಿನ ನ್ಯಾಯಾಲಯ

ಅಮೆರಿಕ, ಇಂಗ್ಲೆಂಡಿನ ನ್ಯಾಯಾಲಯಗಳಿಗೆ ಹೋಗುವುದರ ಮುಖ್ಯ ಲಾಭ, ಬಚ್ಚಿಟ್ಟದ್ದನ್ನು ಹೊರಗೆ ತೆಗೆಸುವ ಶಕ್ತಿ. ಸಂಬಳದ ಚೀಟಿ, ಕಂಪನಿಯ ಷೇರು, ನಿವೃತ್ತಿ ನಿಧಿ ಎಲ್ಲದರ ದಾಖಲೆ ಒದಗಿಸಬೇಕಾಗುತ್ತದೆ. ಜೀವನಾಂಶವನ್ನು ಸಂಬಳದಿಂದಲೇ ಕಡಿತ ಮಾಡಿಸಬಹುದು. ಅಮೆರಿಕದ 401-ಕೆ ನಿವೃತ್ತಿ ಖಾತೆಯನ್ನು ಹಂಚಲು ಅಲ್ಲಿನ ರಾಜ್ಯದ ಕೌಟುಂಬಿಕ ಕಾನೂನಿನಡಿ ಹೊರಟ ವಿಶೇಷ ಆದೇಶವೇ ಬೇಕು. ಶಿರಸಿಯ ಡಿಕ್ರಿಯನ್ನು ಕಳುಹಿಸಿದರೆ ನಿಧಿಯವರು ಅದನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನ ಪಿಂಚಣಿಯ ಹಂಚಿಕೆಗೂ ಅಲ್ಲಿನ ನ್ಯಾಯಾಲಯದ ಆದೇಶವೇ ಆಗಬೇಕು.

ವೆಚ್ಚ ಇಲ್ಲಿಯದಕ್ಕಿಂತ ಎಷ್ಟೋ ಪಟ್ಟು. ವಕೀಲರು ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ಹಂಚಿಕೆಗೆ ಇರುವ ಆಸ್ತಿ ದೊಡ್ಡದಿದ್ದರೆ ಮಾತ್ರ ಇದು ಲಾಭ. ಅವಲಂಬಿತರ ವೀಸಾದಲ್ಲಿ ಅಲ್ಲಿರುವ ಹೆಂಡತಿಗಂತೂ ವಿಚ್ಛೇದನದೊಂದಿಗೆ ವೀಸಾ ಕೂಡ ಮುಗಿಯುತ್ತದೆ ಎಂಬ ಒತ್ತಡ ಬೇರೆ. ಅಲ್ಲಿನ ನ್ಯಾಯಾಧೀಶರು ಶಿರಸಿಯ ತೋಟದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬಹುದು, ಆದರೆ ಇಲ್ಲಿನ ಪಹಣಿಯಲ್ಲಿ ಹೆಸರು ಬದಲಿಸಲಾರರು.

ಅಲ್ಲಿಂದ ಸಮನ್ಸ್ ಬಂದಾಗ ಏನು ಮಾಡಬೇಕು ಎಂಬುದು ಇದರೊಳಗಿನ ಅತಿ ಮುಖ್ಯ ವಿಷಯ. 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ವಿದೇಶಿ ವಿಚ್ಛೇದನ ಇಲ್ಲಿ ಮಾನ್ಯವಾಗಬೇಕಾದರೆ ಮದುವೆಗೆ ಅನ್ವಯಿಸುವ ಕಾನೂನಿನ ಕಾರಣದ ಮೇಲೆಯೇ, ಸರಿಯಾದ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅದು ಆಗಿರಬೇಕು. ಇಲ್ಲವೇ ಎದುರಿನವರು ಸ್ವಇಚ್ಛೆಯಿಂದ ಅಲ್ಲಿ ಹಾಜರಾಗಿ ವಾದಿಸಿರಬೇಕು ಅಥವಾ ಒಪ್ಪಿರಬೇಕು. "ಬರೀ ಔಪಚಾರಿಕ" ಎಂದು ಹೇಳಿ ಕಳುಹಿಸಿದ ಒಪ್ಪಿಗೆ ಪತ್ರಕ್ಕೆ ಕುಮಟಾದಲ್ಲಿ ಕುಳಿತು ಸಹಿ ಹಾಕಿದರೆ ಆ ಆಕ್ಷೇಪಣೆಯ ಬಲವೆಲ್ಲ ಹೋಯಿತು. ಹಾಗೆಂದು ಸಮನ್ಸನ್ನು ಬೀರುವಿನಲ್ಲಿಟ್ಟು ಮರೆತರೂ ನಷ್ಟವೇ: ಅಲ್ಲಿ ಏಕಪಕ್ಷೀಯ ಆದೇಶವಾಗಿ, ಅಲ್ಲಿನ ಮಟ್ಟಿಗೆ ಮದುವೆ ಮುಗಿಯುತ್ತದೆ. ಅಮೆರಿಕದಲ್ಲಿ, ಗೈರುಹಾಜರಾದ ಸಂಗಾತಿಯ ಮೇಲೆ ವೈಯಕ್ತಿಕ ಅಧಿಕಾರವಿಲ್ಲದ ನ್ಯಾಯಾಲಯ ಮದುವೆಯನ್ನು ಕೊನೆಗೊಳಿಸಬಹುದಾದರೂ ಆಕೆಯ ಜೀವನಾಂಶದ ಹಕ್ಕನ್ನು ಅಳಿಸಲಾರದು. ಆದ್ದರಿಂದ ಅಲ್ಲಿನ ವಕೀಲರೊಬ್ಬರ ಮೂಲಕ, ವ್ಯಾಪ್ತಿಯ ಬಗ್ಗೆ ಮಾತ್ರ ಆಕ್ಷೇಪಣೆ ಸಲ್ಲಿಸುವುದೋ ಅಥವಾ ಪೂರ್ತಿಯಾಗಿ ಹಾಜರಾಗಿ ಪಾಲು ಕೇಳುವುದೋ ಎಂದು ನಿರ್ಧರಿಸಬೇಕು. ಆಸ್ತಿಯೆಲ್ಲ ಅಲ್ಲೇ ಇದ್ದರೆ, ಹಾಜರಾಗಿ ಕೇಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅಲ್ಲಿನ ಹಣದ ಡಿಕ್ರಿಯನ್ನು ಇಲ್ಲಿ ಜಾರಿ ಮಾಡುವಾಗ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಇಂಗ್ಲೆಂಡ್, ಸಿಂಗಾಪುರ, ಮತ್ತು 2020ರ ಜನವರಿಯಿಂದ ಯುಎಇ ಇವು ಸಿವಿಲ್ ಪ್ರಕ್ರಿಯಾ ಸಂಹಿತೆಯ 44-ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶಗಳು. ಅಲ್ಲಿನ ಉನ್ನತ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪನ್ನು ಆಧಾರವಾಗಿಟ್ಟು ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು.

ದಾರಿ ನಾಲ್ಕು: ಒಂದೇ ರಾಜಿ, ಎರಡು ಕಡೆ ಆದೇಶ

ಇಲ್ಲೂ ಅಲ್ಲೂ ಆಸ್ತಿ ಇರುವವರಿಗೆ, ಇಬ್ಬರೂ ಮಾತಿಗೆ ಬರುವಂತಿದ್ದರೆ, ನಾನು ಕಂಡ ದಾರಿಗಳಲ್ಲಿ ಇದೇ ಗಟ್ಟಿ. ಮಧ್ಯಸ್ಥಿಕೆಯಲ್ಲಿ ಒಂದೇ ರಾಜಿಪತ್ರ ತಯಾರಿಸಿ, ಇಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆದು, ನಿವೃತ್ತಿ ನಿಧಿ ಅಥವಾ ಪಿಂಚಣಿಗೆ ಬೇಕಾದಷ್ಟು ಮಾತ್ರ ಅಲ್ಲಿನ ನ್ಯಾಯಾಲಯದ ಆದೇಶ ಪಡೆಯುವುದು. ಇಂಗ್ಲೆಂಡಿನಲ್ಲಿ ಇದಕ್ಕೆ 1984ರ ಕಾಯ್ದೆಯೊಂದರ ಮೂರನೇ ಭಾಗವೇ ಇದೆ: ಹೊರದೇಶದಲ್ಲಿ ವಿಚ್ಛೇದನವಾದವರು ಇಂಗ್ಲೆಂಡಿನೊಂದಿಗೆ ಸಾಕಷ್ಟು ನಂಟಿದ್ದರೆ, ಅನುಮತಿ ಪಡೆದು, ಅಲ್ಲಿ ಆರ್ಥಿಕ ಪರಿಹಾರ ಕೇಳಬಹುದು. ಆದರೆ ಅದಕ್ಕೆ ಮೊದಲು ಮರುಮದುವೆ ಆದವರಿಗೆ ಆ ಬಾಗಿಲು ಮುಚ್ಚುತ್ತದೆ. ಎರಡು ಕಡೆಯ ವಕೀಲರ ಖರ್ಚು ಬರುತ್ತದೆ ನಿಜ, ಆದರೆ ಹೋರಾಟದ ಖರ್ಚಿಗಿಂತ ಅದು ಬಹಳ ಕಡಿಮೆ. ರಾಜಿಪತ್ರದಲ್ಲಿ ಮೊತ್ತ ಯಾವ ನಾಣ್ಯದಲ್ಲಿ, ಯಾವ ದಿನದ ವಿನಿಮಯ ದರದಲ್ಲಿ, ಯಾವ ಖಾತೆಗೆ ಎಂದು ಬರೆಯದೆ ಬಿಟ್ಟರೆ ಜಗಳ ಮತ್ತೆ ಹುಟ್ಟುತ್ತದೆ.

ಗಲ್ಫ್ ಕುಟುಂಬಗಳಿಗೆ

ಗಲ್ಫ್‌ನಲ್ಲಿ ದುಡಿಯುವವರ ಉಳಿತಾಯ ಬಹುಪಾಲು ಊರಿಗೇ ಬಂದಿರುತ್ತದೆ. ಅಲ್ಲಿ ಉಳಿಯುವುದು ಬ್ಯಾಂಕಿನ ಹಣ ಮತ್ತು ಸೇವೆಯ ಕೊನೆಯಲ್ಲಿ ಸಿಗುವ ಗ್ರ್ಯಾಚ್ಯುಟಿ. ಯುಎಇಯಲ್ಲಿ ಅದು ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನಗಳ, ನಂತರ 30 ದಿನಗಳ ಮೂಲ ವೇತನ. ಇದನ್ನು ರಾಜಿಯಲ್ಲಿ ಲೆಕ್ಕಕ್ಕೆ ಹಿಡಿಯಿರಿ, ಆದರೆ ಅದಕ್ಕಾಗಿ ದುಬೈಯಲ್ಲಿ ದಾವೆ ಹೂಡುವುದು ಹೆಚ್ಚಿನವರಿಗೆ ಗಿಟ್ಟುವುದಿಲ್ಲ. ಒಂದನೆಯ ಅಥವಾ ಎರಡನೆಯ ದಾರಿಯೇ ಸಾಕು.

ಮುಸ್ಲಿಂ ಮಹಿಳೆಯರಿಗೆ ಮೊದಲ ಹಕ್ಕು ಮಹರ್ (ಮದುವೆಗಾಗಿ ಗಂಡ ಹೆಂಡತಿಗೆ ಕೊಡಬೇಕಾದ ಹಣ ಅಥವಾ ಸ್ವತ್ತು) ಮತ್ತು ಮದುವೆಯಲ್ಲಿ ಬಂದ ಒಡವೆ-ವಸ್ತು. 1986ರ ಕಾಯ್ದೆಯ ಪ್ರಕಾರ, ಇದ್ದತ್ (ವಿಚ್ಛೇದನದ ನಂತರ ಮಹಿಳೆ ಕಾಯಬೇಕಾದ) ಅವಧಿಯೊಳಗೆ ಆಕೆಯ ಮುಂದಿನ ಬದುಕಿಗೂ ಸಾಲುವಷ್ಟು ನ್ಯಾಯಯುತ ವ್ಯವಸ್ಥೆ ಮಾಡಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಸಾಮಾನ್ಯ ಜೀವನಾಂಶದ ಕಾನೂನಿನಡಿಯೂ ಆಕೆ ಕೇಳಬಹುದು ಎಂದು 2024ರ ಜುಲೈನಲ್ಲಿ ಮತ್ತೆ ಹೇಳಿದೆ. ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಮೂರು ಸಲ ತಲಾಖ್ ಹೇಳಿ ಕಳುಹಿಸಿದರೆ 2019ರ ಕಾಯ್ದೆಯಂತೆ ಅದು ಅಸಿಂಧು ಮತ್ತು ಅಪರಾಧ. ಆ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ.

ಕ್ರೈಸ್ತ ದಂಪತಿಗಳಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯಲ್ಲಿ ಶಾಶ್ವತ ಜೀವನಾಂಶ ಹೆಂಡತಿಗೆ ಮಾತ್ರ. ಹಿಂದೂ ವಿವಾಹ ಕಾಯ್ದೆಯಲ್ಲಾದರೆ, ಇಂಗ್ಲೆಂಡಿನಲ್ಲಿ ದುಡಿಯುವ ಹೆಂಡತಿಯಿಂದ ಇಲ್ಲಿರುವ ಅಶಕ್ತ ಗಂಡನೂ ಕೇಳಬಹುದು.

ಏನನ್ನು ಪಡೆಯುವುದು: ಜಮೀನೋ, ಒಟ್ಟು ಮೊತ್ತವೋ, ತಿಂಗಳ ಹಣವೋ

ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಾಗಿ ಬಂದರೆ ಮಾತ್ರ ಸರಿ. ಆದ್ದರಿಂದ ಹೊರದೇಶದಲ್ಲಿರುವ ಹೆಂಡತಿಗೆ ಅಂಕೋಲೆಯ ತೋಟದಲ್ಲಿ ಪಾಲು ಬರೆದುಕೊಡುವ ರಾಜಿ ನೋಂದಣಿಯಲ್ಲೇ ಸಿಕ್ಕಿಬೀಳುತ್ತದೆ; ಆಕೆ ಹಣವನ್ನೇ ಕೇಳಬೇಕು. ಇಲ್ಲಿ ವಾಸವಿರುವ ಹೆಂಡತಿಗೆ ಹೊರದೇಶದ ಗಂಡ ತನ್ನ ಪಾಲಿನ ತೋಟ ಕೊಡಬಹುದು. 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಆಕೆ ಕೃಷಿಕ ಕುಟುಂಬದವಳೇ ಆಗಿರಬೇಕೆಂದೂ ಇಲ್ಲ. ಆದರೆ ಕೊಳೆಔಷಧಿ ಹೊಡೆಸುವವರು, ಕೊನೆ ಕೊಯ್ಯುವವರು ಸಿಗದೆ ಭಾವ-ಮೈದುನರ ನಡುವೆ ಒಂಟಿಯಾಗಿ ತೋಟ ನಡೆಸಲು ಸಾಧ್ಯವೇ ಎಂದು ಯೋಚಿಸಿ. ಆಗದಿದ್ದರೆ ತೋಟದ ಮೇಲೆ ಭಾರ ಹೊರಿಸಿ, ಹಣ ಪಡೆಯುವುದು ಒಳ್ಳೆಯದು.

ಮನೆ ಮಾರಿ ಹಂಚಿಕೊಳ್ಳುವುದಾದರೆ ತೆರಿಗೆ ನೋಡಿ. ಮಾರುವವರು ಅನಿವಾಸಿಯಾಗಿದ್ದರೆ ಕೊಳ್ಳುವವರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ದೀರ್ಘಾವಧಿ ಲಾಭದ ದರ 12.5 ಶೇಕಡ, ಜೊತೆಗೆ ಮೇಲ್ತೆರಿಗೆ, ಸೆಸ್. ಲಾಭ ಎಷ್ಟೆಂದು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯದಿದ್ದರೆ ವ್ಯವಹಾರದಲ್ಲಿ ಪೂರ್ತಿ ಬೆಲೆಯ ಮೇಲೆಯೇ ಕಡಿತವಾಗುತ್ತದೆ: 80 ಲಕ್ಷದ ಮನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹಣ ಮರುಪಾವತಿ ಬರುವ ತನಕ ನಿಂತುಹೋಗುತ್ತದೆ. ಶಿರಸಿ ನಗರಸಭೆಯ ಗಡಿಯಿಂದ 2 ಕಿಲೋಮೀಟರ್ ಆಚೆಯ ಕೃಷಿ ಜಮೀನಿಗೆ ಈ ಬಂಡವಾಳ ಲಾಭದ ತೆರಿಗೆ ಇಲ್ಲ. ಹಣ ಹೊರದೇಶಕ್ಕೆ ಹೋಗಬೇಕಿದ್ದರೆ ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್ ಮಿತಿ ಇದೆ.

ಒಟ್ಟು ಮೊತ್ತದ ಜೀವನಾಂಶಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಬೀಳುವುದಿಲ್ಲ. ತಿಂಗಳ ಜೀವನಾಂಶವನ್ನು ಪಡೆದವರ ಆದಾಯವೆಂದು ಪರಿಗಣಿಸಲಾಗುತ್ತದೆ. ತಿಂಗಳ ಹಣ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು, ಮರುಮದುವೆಯಾದರೆ ನಿಲ್ಲಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ, ಕೆಲಸ ಬದಲಿಸಿ ಇನ್ನೊಂದು ದೇಶಕ್ಕೆ ಹೋದವರನ್ನು ಪ್ರತಿ ತಿಂಗಳೂ ಬೆನ್ನಟ್ಟಬೇಕಾಗುತ್ತದೆ. ಹೊರದೇಶದ ಸಂಗಾತಿಯಿಂದ ಸ್ವಲ್ಪ ಕಡಿಮೆಯಾದರೂ ಒಟ್ಟು ಮೊತ್ತವನ್ನು, ವಿಚ್ಛೇದನದ ದಿನಕ್ಕೆ ಮೊದಲೇ ಡಿಮ್ಯಾಂಡ್ ಡ್ರಾಫ್ಟ್ ಆಗಿ ನ್ಯಾಯಾಲಯದಲ್ಲಿ ಪಡೆಯಿರಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಮಕ್ಕಳ ಖರ್ಚು ಮಾತ್ರ ಬೇರೆ ಲೆಕ್ಕ. ಅದನ್ನು ತಾಯಿಯ ಮೊತ್ತದಲ್ಲಿ ಕರಗಿಸಬೇಡಿ; ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ತಂದೆ-ತಾಯಿಗೆ ಇಲ್ಲ.

ಯಾರಿಗೆ ಯಾವುದು

ಆಸ್ತಿ ಇಲ್ಲಿದ್ದು ಎದುರಿನವರು ಮಾತನಾಡುತ್ತಿದ್ದರೆ ಒಂದನೆಯದು. ಆಸ್ತಿ ಇಲ್ಲಿದ್ದು ಅವರು ಮಾತು ನಿಲ್ಲಿಸಿದ್ದರೆ ಎರಡನೆಯದು, ಮತ್ತು ತಡೆಯಾಜ್ಞೆ ಈ ವಾರವೇ. ಆಸ್ತಿ ಅಮೆರಿಕ, ಇಂಗ್ಲೆಂಡಿನಲ್ಲಿ ದೊಡ್ಡ ಮೊತ್ತದ್ದಾಗಿದ್ದು ಬಚ್ಚಿಡುವ ಭಯವಿದ್ದರೆ ಮೂರನೆಯದು, ಸಾಧ್ಯವಾದರೆ ಅಲ್ಲಿಂದ ಊರಿಗೆ ಮರಳುವ ಮುನ್ನವೇ. ಎರಡೂ ಕಡೆ ಇದ್ದರೆ ನಾಲ್ಕನೆಯದು. ಕೈಯಲ್ಲಿ ಹಣವಿಲ್ಲದ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಸಹಾಯವಾಣಿ 15100. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಗಂಡಂದಿರ ಪ್ರಕರಣಗಳಿಗೆಂದೇ ಪ್ರತ್ಯೇಕ ಘಟಕವಿದೆ.

ವಕೀಲರ ಬಳಿ ಹೋಗುವಾಗ ಕೈಯಲ್ಲಿ ಇರಬೇಕಾದವು: ಎಲ್ಲ ಜಮೀನಿನ ಪಹಣಿ, ಕಳೆದ ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ, ಮದುವೆಯ ನೋಂದಣಿ ಪತ್ರ, ಸಂಗಾತಿಯ ಸಂಬಳ ಅಥವಾ ತೆರಿಗೆ ಪತ್ರದ ಯಾವುದಾದರೂ ಪ್ರತಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳು, ಒಡವೆಯ ಪಟ್ಟಿ. ಪಹಣಿ ಮತ್ತು ಋಣಭಾರ ಪತ್ರವನ್ನು ಭೂಮಿ, ಕಾವೇರಿ ತಂತ್ರಾಂಶಗಳಲ್ಲಿ ಯಾರಿಗೂ ಹೇಳದೆ ಮನೆಯಲ್ಲೇ ಕುಳಿತು ಪಡೆಯಬಹುದು. ನೋಟಿಸು ಕಳುಹಿಸುವ ಮೊದಲೇ ಅದನ್ನು ಮಾಡಿಕೊಳ್ಳಿ.